ಮೀನಿಗೆ ಹೊಗೆ ಡ್ರಮ್ಮು

ಮಲ್ಪೆಯಿಂದ ಬಂಗುಡೆ ತಂದಿರಿ. ಮಾರಿ ಉಳಿಯಿತು. ಒಣಗಿಸೋಣ ಅಂದರೆ ಬಿಸಿಲಿಲ್ಲ. ಏನು ಮಾಡೋದು ಅಕ್ಕ? ಹೊಗೆ ಕೊಡಬಹುದು. ಅದಕ್ಕೊಂದು ಕಬ್ಬಿಣದ ಡ್ರಮ್ಮು ಬೇಕು.

ಗುಜರಿ ಅಂಗಡಿಯಲ್ಲಿ ಡ್ರಮ್ಮು ಸಿಗುತ್ತದೆ. ಇದರಲ್ಲಿ ಮೊದಲು ಏನಿತ್ತು? ಕೇಳಿ. ಅಡುಗೆ ಎಣ್ಣೆ ಇತ್ತೆ? ಆಗಬಹುದು. ಬೆಳೆಗೆ ಹೊಡೆಯುವ ಔಷಧಿ ಇತ್ತೆ? ಬೇಡವೇ ಬೇಡ. ಅದು ವಿಷ. ತೊಳೆದರೂ ಹೋಗೋದಿಲ್ಲ. ಅಂಗಡಿಯವನಿಗೇ ಗೊತ್ತಿಲ್ಲವೆ? ಅಗ್ಗ ಅಂತ ತರಬೇಡಿ.

ಮೇಲಿನ ಮುಚ್ಚಳವನ್ನು ಉಳಿಯಿಂದ ಕಡಿಸಿ. ಗ್ಯಾಸ್ ಬೆಂಕಿಯಿಂದ ಕತ್ತರಿಸಿದರೆ ಡ್ರಮ್ಮು ಸಿಡಿದೀತು. ಬುಡದಲ್ಲಿ ಗೇಣಗಲದ ಬಾಯಿ ಇರಲಿ. ಒಮ್ಮೆ ಒಳಗೆ ಸೌದೆ ಉರಿಸಿ, ಬಣ್ಣವೆಲ್ಲ ಸುಟ್ಟುಹೋಗಲಿ. ಆ ಹೊಗೆಗೆ ಮುಖ ಒಡ್ಡಬೇಡಿ. ಆಮೇಲೆ ಮೇಲ್ಗಡೆ ಕಬ್ಬಿಣದ ಸರಳುಗಳನ್ನು ಒತ್ತಾಗಿ ಕೂರಿಸಿ.

ಕರುಳು ತೆಗೆದು, ಉಪ್ಪು ಹಾಕಿದ ಮೀನನ್ನು ಸರಳಿನ ಮೇಲೆ ಹರಡಿ. ಒಳಗಿನ ತನಕ ಬೇಯಲಿ. ಆಮೇಲೆ ತೆಂಗಿನ ಸಿಪ್ಪೆ ಹಾಕಿ, ಒದ್ದೆ ಗೋಣಿ ಮುಚ್ಚಿ. ಆಗ ಹೊಗೆ ಹಿಡಿಯುತ್ತದೆ. ಇದು ಒಣಮೀನಲ್ಲ. ಎರಡು ದಿನದೊಳಗೆ ತಿಂದು ಮುಗಿಸಿ.