9.6 ವಾಟ್ ಅವರ್‌ಗೆ ಯಾವ ಸೆಲ್ಲು?

ಸಂಡೂರು ತಾಲ್ಲೂಕಿನ ಯಶವಂತನಗರದ ಹೈಸ್ಕೂಲು ಹುಡುಗಿಯೊಬ್ಬಳು ಧೂಳು ಅಳೆಯುವ ಪುಟ್ಟ ಯಂತ್ರ ಮಾಡಹೊರಟಳು ಎಂದಿಟ್ಟುಕೊಳ್ಳಿ. ಅದಿರು ಲಾರಿ ಓಡಾಡುವ ತಾಲ್ಲೂಕು, ಅಳೆಯಲು ಧೂಳಿಗೇನೂ ಬರವಿಲ್ಲ. ಪಿಎಂಎಸ್ 5003 ಸೆನ್ಸರ್ 5 ವೋಲ್ಟಿನಲ್ಲಿ ಹೆಚ್ಚೆಂದರೆ 100 ಮಿಲಿಆಂಪ್ ಎಳೆಯುತ್ತದೆ. ವೈಫೈ ಬೋರ್ಡಿಗೆ 80 ಹಿಡಿಯೋಣ. ಒಟ್ಟು 0.9 ವಾಟ್. ವೋಲ್ಟೇಜ್ ಏರಿಸುವಲ್ಲಿ ಶೇ 15ರಷ್ಟು ಸೋರಿದರೂ 9.6 ವಾಟ್ ಅವರ್‌ನಲ್ಲಿ ಒಂಬತ್ತು ಗಂಟೆ ಓಡುತ್ತದೆ.

ಇಷ್ಟು ಶಕ್ತಿ ಮೂರು ಬಗೆಯಲ್ಲಿ ಸಿಗುತ್ತದೆ. 3.7 ವೋಲ್ಟಿನ 2600 ಎಂಎಎಚ್ ಲಿಥಿಯಂ ಅಯಾನ್ ಸೆಲ್ ಒಂದೇ ಸಾಕು, ತೂಕ ಸುಮಾರು 46 ಗ್ರಾಂ. 3.2 ವೋಲ್ಟಿನ 1500 ಎಂಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಆದರೆ ಎರಡು, ಸುಮಾರು 80 ಗ್ರಾಂ. 1.2 ವೋಲ್ಟಿನ 2000 ಎಂಎಎಚ್ ನಿಕಲ್ ಮೆಟಲ್ ಹೈಡ್ರೈಡ್ ಪೆನ್‌ಸೆಲ್ ಆದರೆ ನಾಲ್ಕು, ಸುಮಾರು 110 ಗ್ರಾಂ. ಹಾರುವ ಡ್ರೋನಿಗೆ ಈ 64 ಗ್ರಾಂ ವ್ಯತ್ಯಾಸ ದೊಡ್ಡದು. ಗೋಡೆಗೆ ನೇತುಹಾಕುವ ಡಬ್ಬಿಗೆ ಏನೇನೂ ಅಲ್ಲ. ನಿಕಲ್ ಸೆಲ್ಲಿನೊಳಗಿರುವುದು ನೀರು ಬೆರೆತ ದ್ರಾವಣ, ಲಿಥಿಯಂ ಅಯಾನಿನಲ್ಲಿರುವುದು ಹೊತ್ತಿಕೊಳ್ಳುವ ದ್ರಾವಣ. ಮಕ್ಕಳ ಕೈಗೆ ನಾನು ಕೊಡುವುದು ನಿಕಲ್ಲನ್ನೇ.

ಖರ್ಚಿಗೆ ಬರೋಣ. ಪೆನ್‌ಸೆಲ್ ಒಂದಕ್ಕೆ 200 ರೂಪಾಯಿ ಎಂದರೂ ನಾಲ್ಕಕ್ಕೆ 800. ಐನೂರು ಸಲ ಚಾರ್ಜ್ ಮಾಡಿದರೆ ಸಲಕ್ಕೆ 1 ರೂಪಾಯಿ 60 ಪೈಸೆ. ಬಿಸಾಡುವ ಸೆಲ್ 25 ರೂಪಾಯಿಯದಾದರೆ ನಾಲ್ಕರಂತೆ ಎಂಟೇ ಸಲ ಕೊಂಡರೆ ಆ 800 ಮುಗಿಯಿತು. ಕರೆಂಟಿನ ಲೆಕ್ಕ ಬೇಡ, ಸೋರಿಕೆ ಬಿಟ್ಟರೆ ಒಂದು ಯೂನಿಟ್ಟಿನಲ್ಲಿ ನೂರು ಸಲ ಚಾರ್ಜ್ ಆಗುತ್ತದೆ.

ಲಿಥಿಯಂ ಅಯಾನೇ ಬೇಕೆಂದರೆ ಮೊದಲು ಮೈಮೇಲೆ ಬರೆದ ಅಂಕಿ ನೋಡಿ. 18650 ಅಳತೆಯ ಸೆಲ್ಲಿನ ಮೇಲೆ 9900 ಎಂಎಎಚ್ ಎಂದಿದ್ದರೆ ಅದು ಸುಳ್ಳು. ಗುಣಿಸಿದರೆ 36.6 ವಾಟ್ ಅವರ್, ಅಂದರೆ ಕೆ.ಜಿ.ಗೆ 800ರ ಹತ್ತಿರ. 3500 ಎಂಎಎಚ್‌ನ ಒಳ್ಳೆಯ ಅಸಲಿ ಸೆಲ್ಲಿನದೇ 260ರ ಆಸುಪಾಸು. ತಕ್ಕಡಿಗೆ ಹಾಕಿದಾಗ 30 ಗ್ರಾಮೋ 35 ಗ್ರಾಮೋ ತೂಗಿದರೆ ಕೊಳ್ಳಲೇಬೇಡಿ.

ಹುಡುಗರು ಹೆಚ್ಚಾಗಿ ಬಳಸುವ ಚಾರ್ಜಿಂಗ್ ಬೋರ್ಡು ಟಿಪಿ4056. ಅದರ ಮೇಲೆ 1.2 ಕಿಲೋ ಓಮ್ ರೆಸಿಸ್ಟರ್ ಕೂತಿರುತ್ತದೆ, ಕರೆಂಟು 1000 ಮಿಲಿಆಂಪ್ ಹರಿಯುತ್ತದೆ. 2600ರ ಸೆಲ್ಲಿಗೆ ಇದು ಸರಿ. 400 ಎಂಎಎಚ್‌ನ ಚಪ್ಪಟೆ ಸೆಲ್ಲಿಗೆ ಹಾಕಿದರೆ ಎರಡೂವರೆ ಪಟ್ಟು ಕರೆಂಟು ನುಗ್ಗಿ ಸೆಲ್ ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ರೆಸಿಸ್ಟರ್ ತೆಗೆದು 10 ಕಿಲೋ ಓಮ್‌ನದು ಬೆಸೆದರೆ ಕರೆಂಟು 130ಕ್ಕೆ ಇಳಿಯುತ್ತದೆ. ಫಾಸ್ಫೇಟ್ ಸೆಲ್ಲಿಗೆ ಮಾತ್ರ ಈ ಬೋರ್ಡು ಸಲ್ಲದು: ಇದು 4.2 ವೋಲ್ಟಿನವರೆಗೆ ತುಂಬುತ್ತದೆ, ಆ ಸೆಲ್ 3.65ಕ್ಕೇ ತುಂಬಿರುತ್ತದೆ.

ಬಹುತೇಕ ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಚಾರ್ಜ್ ಮಾಡಬಾರದು. ಬಳ್ಳಾರಿ ಸೀಮೆಯ ಬೇಸಿಗೆ ನೆರಳಲ್ಲೇ 40 ದಾಟುತ್ತದೆ. ಬಿಸಿಲಿಗೆ ಬಿದ್ದ ತಗಡಿನ ಡಬ್ಬಿಯೊಳಗೆ ಇನ್ನೂ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಸೆಲ್ಲನ್ನು ಡಬ್ಬಿಯಿಂದ ತೆಗೆದು, ಹೊತ್ತು ಮುಳುಗಿದ ಮೇಲೆ ಮನೆಯೊಳಗೆ, ಎದುರಿಗೆ ಯಾರಾದರೂ ಇರುವಾಗಲೇ ಚಾರ್ಜಿಗೆ ಹಾಕಿ.