ಕುಡುಗೋಲು ಕಣ ರೋಗವೂ ಒಂದು ನಿಯಾಮಕ ಪ್ರೋಟೀನೂ

ರೋಗಕ್ಕೆ ಕಾರಣವಾದ ವಸ್ತು ಒಂದು, ಔಷಧಕ್ಕೆ ಗುರಿಯಾದ ವಸ್ತು ಮತ್ತೊಂದು ಆಗಿರುವುದು ವೈದ್ಯಶಾಸ್ತ್ರದಲ್ಲಿ ಅಪೂರ್ವವೇನಲ್ಲ. ಆದರೆ ನಿರ್ದುಷ್ಟವಾದ ಪ್ರೋಟೀನೊಂದನ್ನು, ಅದು ತನ್ನ ಕೆಲಸವನ್ನು ಕ್ರಮವಾಗಿ ನಡಸುತ್ತಿರುವಾಗಲೇ ತಡೆದು, ರೋಗಿಯನ್ನು ಉಳಿಸುವ ಉಪಾಯವು ವಿಚಾರಾರ್ಹವಾದುದು. ಬಿ.ಸಿ.ಎಲ್. 11 ಎ ಎಂಬ ನಿಯಾಮಕ ಪ್ರೋಟೀನಿನ ವೃತ್ತಾಂತವು ಇಂಥದು.

ರಕ್ತದ ಕೆಂಪುಕಣಗಳಲ್ಲಿದ್ದು ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನು ನಾಲ್ಕು ಸರಪಣಿಗಳಿಂದಾದುದು. ವಯಸ್ಕರಲ್ಲಿ ಇವು ಎರಡು ಆಲ್ಫಾ, ಎರಡು ಬೀಟಾ. ಗರ್ಭಸ್ಥ ಶಿಶುವಿನಲ್ಲಾದರೋ ಬೀಟಾ ಸರಪಣಿಯ ಸ್ಥಾನದಲ್ಲಿ ಗಾಮಾ ಸರಪಣಿಯಿರುತ್ತದೆ. ಈ ಶಿಶು-ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಣ ಸೆಳೆತ ಹೆಚ್ಚು. ಆದುದರಿಂದಲೇ ಅದು ತಾಯಿಯ ರಕ್ತದಿಂದ ಆಮ್ಲಜನಕವನ್ನು ಪಡೆಯಬಲ್ಲದು. ಹುಟ್ಟಿದ ಮೇಲೆ ಸುಮಾರು ಆರು ತಿಂಗಳೊಳಗೆ ಗಾಮಾ ಹಿಂದೆ ಸರಿದು ಬೀಟಾ ಮುಂದೆ ಬರುವುದು. ವಯಸ್ಕರಲ್ಲಿ ಶಿಶು-ಹಿಮೋಗ್ಲೋಬಿನ್ನು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಗಾಮಾ ವಂಶವಾಹಿಯು ನಾಶವಾಗುವುದಿಲ್ಲ, ಮೌನವಾಗುತ್ತದೆ, ಅಷ್ಟೆ.

ಕುಡುಗೋಲಿನಂತೆ ಬಾಗಿದ ರಕ್ತಕಣಗಳನ್ನು 1910ರಲ್ಲಿ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ಕರು ವರ್ಣಿಸಿದರು. ಬೀಟಾ ಸರಪಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲು ವ್ಯಾಲೀನ್ ಬಂದಿರುವುದೊಂದೇ ಈ ರೋಗದ ಮೂಲ. ಆಮ್ಲಜನಕವು ಕಡಿಮೆಯಾದಲ್ಲಿ ಇಂಥ ಹಿಮೋಗ್ಲೋಬಿನ್ನು ಎಳೆ ಎಳೆಯಾಗಿ ಹೆಣೆದುಕೊಂಡು ಕಣವನ್ನು ಬಗ್ಗಿಸುತ್ತದೆ. ಬಗ್ಗಿದ ಕಣಗಳು ಸೂಕ್ಷ್ಮನಾಳಗಳನ್ನು ಕಟ್ಟುವುದರಿಂದ ದಾರುಣವಾದ ನೋವುಂಟಾಗುವುದು. 120 ದಿನ ಬಾಳಬೇಕಾದ ಕಣವು 10-20 ದಿನಗಳಲ್ಲಿಯೇ ಒಡೆದು ಹೋಗುವುದು. ಭಾರತದಲ್ಲಿ ಈ ಲಕ್ಷಣವು ಮೊದಲು ವರದಿಯಾದುದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ.

ಈ ರೋಗವುಳ್ಳ ಹಸುಗೂಸುಗಳು ಮೊದಲ ತಿಂಗಳುಗಳಲ್ಲಿ ಬಾಧೆಪಡುವುದಿಲ್ಲವೆಂಬುದನ್ನು 1948ರಲ್ಲಿ ನ್ಯೂಯಾರ್ಕಿನ ವೈದ್ಯೆ ಜ್ಯಾನೆಟ್ ವಾಟ್ಸನ್ ಗಮನಿಸಿ, ಶಿಶು-ಹಿಮೋಗ್ಲೋಬಿನ್ನೇ ಅದಕ್ಕೆ ಕಾರಣವಿರಬೇಕೆಂದು ಊಹಿಸಿದರು. ಊಹೆ ಸರಿಯಾಗಿದ್ದಿತು. ಆದರೆ ಗಾಮಾವನ್ನು ಮೌನಗೊಳಿಸುವುದು ಯಾವುದೆಂಬುದು ತಿಳಿಯಲು ಆರು ದಶಕಗಳು ಬೇಕಾದುವು. 2007-08ರಲ್ಲಿ ಬಹುಜನರ ವಂಶವಾಹಿಗಳನ್ನು ಹೋಲಿಸಿದಾಗ ಬಿ.ಸಿ.ಎಲ್. 11 ಎ ಕಡೆಗೆ ಬೆರಳು ತೋರಿತು. 2008ರಲ್ಲಿ ಬಾಸ್ಟನ್ನಿನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮೊದಲಾದವರು ಅದೇ ಗಾಮಾದ ನಿರೋಧಕವೆಂದು ತೋರಿಸಿದರು. 2011ರಲ್ಲಿ ರೋಗವುಳ್ಳ ಇಲಿಗಳ ರಕ್ತಕಣಗಳಿಂದ ಈ ಪ್ರೋಟೀನನ್ನು ತೆಗೆದಾಗ ರೋಗವು ಸರಿಹೋಯಿತು.

ವ್ಯಾಕರಣವನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಲ್ಲ. ವಿಧಿಯನ್ನು ನಿಷೇಧವು ತಡೆಯುತ್ತದೆ; ಆ ನಿಷೇಧವನ್ನೇ ಮತ್ತೊಂದು ತಡೆದರೆ ಮೊದಲಿನ ವಿಧಿಯು ತಾನಾಗಿ ಪ್ರವರ್ತಿಸುತ್ತದೆ. ಶಾಸ್ತ್ರಕಾರರು ಇದನ್ನು ಪ್ರತಿಪ್ರಸವವೆಂದು ಕರೆದರು. ಪ್ರಸವಕ್ಕೆ ಮೊದಲಿನ ರಕ್ತವನ್ನು ಮರಳಿ ಹುಟ್ಟಿಸುವ ಚಿಕಿತ್ಸೆಗೆ ಈ ಹೆಸರು ಅಕ್ಷರಾರ್ಥದಲ್ಲಿಯೂ ಒಪ್ಪುವುದೊಂದು ಸೋಜಿಗ.

ಹಾಗಾದರೆ ಈ ಪ್ರೋಟೀನನ್ನು ಔಷಧದಿಂದ ಅಡಗಿಸಬಾರದೇಕೆ? ಇಲ್ಲಿ ಎರಡು ತೊಡಕುಗಳುಂಟು. ವಂಶವಾಹಿಗೆ ಅಂಟಿ ಕೆಲಸಮಾಡುವ ಇಂಥ ಪ್ರೋಟೀನಿನಲ್ಲಿ ಔಷಧದ ಅಣುವು ನೆಲೆಗೊಳ್ಳತಕ್ಕ ಗುಳಿ ಸುಲಭವಾಗಿ ದೊರೆಯುವುದಿಲ್ಲ. ಇದಕ್ಕಿಂತ ಮುಖ್ಯವಾದುದು ಎರಡನೆಯದು: ಮಿದುಳಿನ ಬೆಳವಣಿಗೆಗೂ ರೋಗನಿರೋಧಕ ಕಣಗಳಿಗೂ ಬಿ.ಸಿ.ಎಲ್. 11 ಎ ಅವಶ್ಯ. ಅದರ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಬುದ್ಧಿಯ ವಿಕಾಸವು ಕುಂಠಿತವಾಗುವುದು. ಆದಕಾರಣ ಅದನ್ನು ದೇಹದಲ್ಲೆಲ್ಲ ಅಡಗಿಸುವುದು ಸಲ್ಲದು. ಕೆಂಪುಕಣಗಳ ವಂಶದಲ್ಲಿ ಮಾತ್ರ ಅಡಗಿಸಬೇಕು. 2013ರಲ್ಲಿ ಇದಕ್ಕೆ ದಾರಿ ಕಂಡಿತು. ಆ ವಂಶವಾಹಿಯೊಳಗೇ, ಕೆಂಪುಕಣಗಳ ವಂಶದಲ್ಲಿ ಅದನ್ನು ಉದ್ದೀಪಿಸುವ ಚಿಕ್ಕದೊಂದು ಭಾಗವಿರುವುದು ಗೊತ್ತಾಯಿತು.

ಕ್ಯಾಸ್ಜೆವಿ ಎಂಬ ಚಿಕಿತ್ಸೆಯು ಈ ಭಾಗವನ್ನೇ ಕತ್ತರಿಸುತ್ತದೆ. ರೋಗಿಯ ರಕ್ತಮೂಲಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ಸಾಧನದಿಂದ ಅಲ್ಲಿ ಛೇದಿಸಿ, ತೀಕ್ಷ್ಣವಾದ ಔಷಧದಿಂದ ಅಸ್ಥಿಮಜ್ಜೆಯನ್ನು ಬರಿದುಮಾಡಿ, ಆ ಕೋಶಗಳನ್ನು ಮರಳಿ ಸೇರಿಸುತ್ತಾರೆ. ಮಜ್ಜೆಯನ್ನು ಬರಿದುಮಾಡುವ ಔಷಧದಿಂದ ಸಂತಾನಶಕ್ತಿಗೆ ಹಾನಿಯಾಗಬಹುದು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕಾ ಇದಕ್ಕೆ ಅನುಮತಿಯಿತ್ತುವು. ಅಮೆರಿಕಾದ ನಿಯಂತ್ರಣ ಸಂಸ್ಥೆಯು ಪರಿಶೀಲಿಸಿದ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಲ್ಪಟ್ಟ 31 ಮಂದಿಯಲ್ಲಿ 29 ಮಂದಿ ಕಡೆಯ ಪಕ್ಷ ಒಂದು ವರ್ಷ ತೀವ್ರವಾದ ನೋವಿನ ಆಘಾತವಿಲ್ಲದೆ ಇದ್ದರು. ಬೀಟಾ ಸರಪಣಿಯ ದೋಷವು ಅವರಲ್ಲಿ ಹಾಗೆಯೇ ಇದೆಯೆಂಬುದು ಮರೆಯತಕ್ಕದ್ದಲ್ಲ.

ಅಮೆರಿಕಾದಲ್ಲಿ ಇದಕ್ಕೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ಭಾರತ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನ ಕಾರ್ಯವನ್ನಾರಂಭಿಸಿತು. ಅದು ಎದುರಿಸಬೇಕಾದ ರೋಗಿಗಳಲ್ಲಿ ಬಹುಮಂದಿ ಗಿರಿಜನರು. ಅವರಿಗೆ ಇಂಥ ಚಿಕಿತ್ಸೆಯು ನಿಲುಕುವ ಮಾತಲ್ಲ. ಶಿಶು-ಹಿಮೋಗ್ಲೋಬಿನ್ನನ್ನು ತಕ್ಕಮಟ್ಟಿಗೆ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧವೇ ಅವರಿಗೆ ಆಧಾರ. ಆದುದರಿಂದಲೇ ಸಂಶೋಧಕರ ದೃಷ್ಟಿ ಮತ್ತೆ ಗುಳಿಗೆಯ ಕಡೆಗೆ ತಿರುಗಿದೆ. 2024ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ವಿಜ್ ಎಂಬ ಇನ್ನೊಂದು ನಿರೋಧಕ ಪ್ರೋಟೀನನ್ನು ಕೋಶದೊಳಗೇ ಕರಗಿಸುವ ಒಂದು ಅಣುವು ಕೋತಿಗಳಲ್ಲಿ ಶಿಶು-ಹಿಮೋಗ್ಲೋಬಿನ್ನನ್ನು ಮರಳಿ ಎಬ್ಬಿಸಿತು.