ಮನೆಯಲ್ಲಿ ಕಡಲ ಮೀನಿನ ದೊಡ್ಡ ತೊಟ್ಟಿ: ಸ್ಥಾಪನೆ ಮತ್ತು ಪಾಲನೆ

ಸಿಹಿನೀರಿನ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಈಗ ಸಾಮಾನ್ಯವಾಗಿದೆ. ಅವುಗಳಿಗಿಂತ ಹೆಚ್ಚು ಆಕರ್ಷಕವಾದ ಕಡಲ ಮೀನುಗಳನ್ನು ಸಾಕಲು ಹೊರಟವರಲ್ಲಿ ಅನೇಕರು ಮೊದಲ ತಿಂಗಳಲ್ಲಿಯೇ ಮೀನುಗಳನ್ನು ಕಳೆದುಕೊಂಡು, ತೊಟ್ಟಿಯನ್ನು ಮೂಲೆಗೆ ಸೇರಿಸುತ್ತಾರೆ. ಇದಕ್ಕೆ ಮುಖ್ಯ ಕಾರಣ, ನೀರು ಸಿದ್ಧವಾಗುವ ಮೊದಲೇ ಮೀನು ಬಿಡುವ ಅವಸರ. ಮಾರುಕಟ್ಟೆಗೆ ಬರುವ ಕಡಲ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ನಮ್ಮ ತೊಟ್ಟಿಯಲ್ಲಿ ಸತ್ತ ಪ್ರತಿಯೊಂದು ಮೀನಿನ ಬದಲಿಗೆ ಅಲ್ಲಿಂದ ಮತ್ತೊಂದು ಮೀನು ಬರಬೇಕಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಕ್ರಮವರಿತು ಮಾಡುವುದು ಅವಶ್ಯ.

ತೊಟ್ಟಿಯ ಗಾತ್ರ ಮತ್ತು ಸ್ಥಳ

ಕಡಲ ಮೀನಿಗೆ ತೊಟ್ಟಿ ದೊಡ್ಡದಾದಷ್ಟೂ ಒಳ್ಳೆಯದು. ನೀರು ಹೆಚ್ಚಾಗಿದ್ದರೆ ಶಾಖ, ಉಪ್ಪು ಮತ್ತು ರಸಸಾರ ಬೇಗ ಏರುಪೇರಾಗುವುದಿಲ್ಲ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯ ಪೂರ್ಣ ಅಳತೆ ಸುಮಾರು 680 ಲೀಟರು. ಮೇಲೆ ಎರಡು-ಮೂರು ಅಂಗುಲ ಬಿಟ್ಟು ತುಂಬಿದರೆ ಸುಮಾರು 600 ಲೀಟರು ನೀರು ಹಿಡಿಯುತ್ತದೆ. ನೀರು, ಗಾಜು, ಮರಳು ಎಲ್ಲ ಸೇರಿ ಭಾರ ಒಂದು ಟನ್ನಿನ ಸಮೀಪಕ್ಕೆ ಬರುವುದರಿಂದ ನೆಲ ಮತ್ತು ಪೀಠ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ನೀರು ಕಾಯುವುದಲ್ಲದೆ ಪಾಚಿಯೂ ಬೆಳೆಯುತ್ತದೆ. ಉಪ್ಪುನೀರು ಲೋಹವನ್ನು ತಿನ್ನುವುದರಿಂದ ನೀರು ತಾಗುವ ಕಡೆ ಕಬ್ಬಿಣ, ತಾಮ್ರ, ಹಿತ್ತಾಳೆಯ ಭಾಗಗಳು ಇರಕೂಡದು. ತಾಮ್ರವಂತೂ ಸಿಗಡಿ, ಶಂಖಗಳಿಗೆ ವಿಷ.

ಉಪ್ಪುನೀರು

ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಕಡಲ ನೀರು ಆಗುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಆಗರದಲ್ಲಿ ನೀರು ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ ಮತ್ತು ಜಿಪ್ಸಂ ಬೇರ್ಪಡುತ್ತವೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಲವಣಗಳು ಕೊನೆಯ ಕಹಿನೀರಿನಲ್ಲಿ ಉಳಿಯುತ್ತವೆ. ಹೀಗೆ ಬೇರೆಯಾದ ಅಂಶಗಳೆಲ್ಲ ಮೀನಿಗೆ ಬೇಕು.

ಕರಾವಳಿಯವರು ಶುದ್ಧ ಕಡಲ ನೀರನ್ನೇ ಬಳಸಬಹುದು. ಅಳಿವೆ, ಬಂದರು ಮತ್ತು ಚರಂಡಿಗಳಿಂದ ದೂರದಲ್ಲಿ, ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ, ಭರತದ ವೇಳೆ ನೀರು ಸಂಗ್ರಹಿಸಬೇಕು. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳ ನೀರು ಸೇರಿ ದಡದ ನೀರು ಸಪ್ಪೆಯಾಗುತ್ತದೆ, ಕೆಸರೂ ಹೆಚ್ಚು. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಎರಡು ವಾರ ಕತ್ತಲೆಯಲ್ಲಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು.

ಒಳನಾಡಿನವರು ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ಕಡಲ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಬೇಕು. 600 ಲೀಟರಿಗೆ 21 ಕಿಲೋ ಬೇಕಾಗುತ್ತದೆ. ಕೊಳವೆಬಾವಿಯ ಗಡಸು ನೀರು ಇದಕ್ಕೆ ಸೂಕ್ತವಲ್ಲ.

ನೀರು ಇರಬೇಕಾದ ಸ್ಥಿತಿ:

ಶಾಖ: 25 ರಿಂದ 28 ಡಿಗ್ರಿ ಸೆಲ್ಸಿಯಸ್
ಸಾಪೇಕ್ಷ ಸಾಂದ್ರತೆ: 1.023 ರಿಂದ 1.026
ರಸಸಾರ: 8.0 ರಿಂದ 8.4
ಅಮೋನಿಯ ಮತ್ತು ನೈಟ್ರೈಟ್: ಪರೀಕ್ಷೆಯಲ್ಲಿ ಕಾಣಿಸಕೂಡದು

ತೊಟ್ಟಿ ಹದವಾಗುವುದು

ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯವಾಗಿ, ಅನಂತರ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದನ್ನು ರೈತರು ಬಲ್ಲರು. ಈ ಕೆಲಸ ಮಾಡುವುದು ಮಣ್ಣಿನ ಸೂಕ್ಷ್ಮಾಣುಗಳು. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯಬೇಕು. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯ ತೀವ್ರ ವಿಷ. ನೈಟ್ರೈಟ್ ಸಹ ಹಾನಿಕರ. ನೈಟ್ರೇಟನ್ನು ಮೀನು ಬಹಳಮಟ್ಟಿಗೆ ತಾಳಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ಇನ್ನೂ ನೆಲೆಸಿರುವುದಿಲ್ಲ. ನೀರು ಸ್ಫಟಿಕದಂತೆ ಕಂಡರೂ ಮೀನು ಸಾಯುವುದು ಇದರಿಂದಲೇ.

ಆದ್ದರಿಂದ ಮರಳು, ಶೋಧಕ, ಪಂಪು ಎಲ್ಲವನ್ನೂ ಜೋಡಿಸಿ ನಡೆಸಿದ ಮೇಲೆ ಒಂದು ಸಣ್ಣ ಸಿಗಡಿಯ ತುಂಡನ್ನು ನೀರಿಗೆ ಹಾಕಬೇಕು. ಅದು ಕೊಳೆತು ಅಮೋನಿಯ ಬರುತ್ತದೆ. ಅದನ್ನು ಉಣ್ಣುವ ಸೂಕ್ಷ್ಮಾಣುಗಳು ಶೋಧಕದಲ್ಲಿ ಬೆಳೆಯುತ್ತವೆ. ವಾರಕ್ಕೆರಡು ಸಲ ಪರೀಕ್ಷಿಸಿದರೆ ಮೊದಲು ಅಮೋನಿಯ, ಬಳಿಕ ನೈಟ್ರೈಟ್ ಏರಿ ಇಳಿಯುವುದು ಕಾಣುತ್ತದೆ. ಎರಡೂ ಇಲ್ಲವಾಗಿ ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ಹದವಾಯಿತೆಂದು ತಿಳಿಯಬೇಕು. ಇದಕ್ಕೆ ಸಾಮಾನ್ಯವಾಗಿ 4 ರಿಂದ 6 ವಾರ ಹಿಡಿಯುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಮೀನು ಬಿಡುವ ಕ್ರಮ

ಬೆಳೆದ ಮೀನಿನ ಪ್ರತಿ ಅಂಗುಲ ಉದ್ದಕ್ಕೆ 20 ಲೀಟರು ನೀರು ಎಂದು ಲೆಕ್ಕ ಹಾಕಬಹುದು. 600 ಲೀಟರಿಗೆ ಒಟ್ಟು 30 ಅಂಗುಲ, ಅಂದರೆ ಮೂರು ಅಂಗುಲದ ಒಂಬತ್ತು-ಹತ್ತು ಮೀನು. ಮೊದಲು ಒಂದು ಜೊತೆ ಕ್ಲೌನ್ ಮೀನು, ಎರಡು-ಮೂರು ವಾರಗಳ ಬಳಿಕ ಎರಡು-ಮೂರು ಗೋಬಿ ಮೀನು, ಕೊನೆಯಲ್ಲಿ ಮೂರು-ನಾಲ್ಕು ಡ್ಯಾಮ್ಸೆಲ್ ಬಿಡಬಹುದು. ಡ್ಯಾಮ್ಸೆಲ್ ಗಟ್ಟಿಮುಟ್ಟಾದ ಮೀನಾದರೂ ಜಗಳಗಂಟಿ. ಮೊದಲೇ ಬಿಟ್ಟರೆ ತೊಟ್ಟಿಯನ್ನು ತನ್ನದಾಗಿಸಿಕೊಂಡು ಆಮೇಲೆ ಬಂದವುಗಳನ್ನು ಕಚ್ಚಿ ಓಡಿಸುತ್ತದೆ. ಚಿಟ್ಟೆ ಮೀನುಗಳಲ್ಲಿ ಹಲವು ಜಾತಿಗಳು ಹವಳದ ಜೀವಿಗಳನ್ನೇ ತಿಂದು ಬದುಕುವುದರಿಂದ ತೊಟ್ಟಿಯಲ್ಲಿ ಉಪವಾಸದಿಂದ ಸಾಯುತ್ತವೆ. ಸಿಂಹಮೀನು ಸಣ್ಣ ಮೀನುಗಳನ್ನು ನುಂಗುತ್ತದೆ, ಅದರ ಮುಳ್ಳು ವಿಷಕಾರಿ. ಹೊಸಬರು ಇವುಗಳನ್ನು ತರಬಾರದು.

ಹೊಸ ಮೀನನ್ನು ಮೂರು-ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ಪರಾವಲಂಬಿ ಜೀವಿಯ ರೋಗ. ಇದರ ತಾಮ್ರದ ಔಷಧಿಯನ್ನು ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ, ತಜ್ಞರ ಸಲಹೆಯಂತೆ ಉಪಯೋಗಿಸಬೇಕು. ರೋಗ ದೊಡ್ಡ ತೊಟ್ಟಿಗೆ ತಗುಲಿದರೆ ಅದನ್ನು ಆರರಿಂದ ಹತ್ತು ವಾರ ಮೀನಿಲ್ಲದೆ ಬಿಡಬೇಕಾಗುತ್ತದೆ.

ದಿನನಿತ್ಯದ ಪಾಲನೆ

ಆಹಾರ: ಹೆಚ್ಚಿದ ಸಿಗಡಿ, ಮರುವಾಯಿ, ಬೊಂಡಾಸ್ ಮಾಂಸವನ್ನು ದಿನಕ್ಕೆರಡು ಸಲ, ಎರಡು-ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕೊಡಬೇಕು. ಬೂತಾಯಿಯಂಥ ಎಣ್ಣೆ ಮೀನು ಬೇಡ. ಉಳಿದ ಆಹಾರವೇ ಅಮೋನಿಯದ ಮೂಲ.

ಆವಿಯಾದ ನೀರು: ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಈ ಅಳತೆಯ ತೊಟ್ಟಿಯಲ್ಲಿ ದಿನಕ್ಕೆ 4 ಮಿ.ಮೀ. ಇಳಿದರೂ ಸುಮಾರು 4½ ಲೀಟರು ಕಡಿಮೆಯಾಗುತ್ತದೆ. ಅದನ್ನು ಕಡಲ ನೀರಿನಿಂದಲೇ ತುಂಬಿಸುತ್ತ ಹೋದರೆ 20 ದಿನಗಳಲ್ಲಿ 3 ಕಿಲೋಗೂ ಹೆಚ್ಚು ಉಪ್ಪು ಕೂಡಿ, ಲೀಟರಿಗೆ 35 ಗ್ರಾಂ ಇದ್ದದ್ದು 40 ಗ್ರಾಂ ಆಗುತ್ತದೆ. ಆದ್ದರಿಂದ ಪ್ರತಿದಿನ ಸಿಹಿನೀರನ್ನೇ ಸೇರಿಸತಕ್ಕದ್ದು. ಇದನ್ನು ಮರೆತು ಮೀನು ಕಳೆದುಕೊಂಡವರು ಬಹಳ.

ನೀರು ಬದಲಾವಣೆ: ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ, ಅಂದರೆ 60 ಲೀಟರು ತೆಗೆದು, ಅಷ್ಟೇ ಹೊಸ ಉಪ್ಪುನೀರು ಹಾಕಬೇಕು. ಶೋಧಕದ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಲ್ಲಿ ನೀರಿನ ಕ್ಲೋರಿನ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಕಲ್ಮಶವನ್ನು ನೊರೆಯ ರೂಪದಲ್ಲಿ ಹೊರಹಾಕುವುದರಿಂದ ದೊಡ್ಡ ತೊಟ್ಟಿಗೆ ಅದು ಇದ್ದರೆ ಉತ್ತಮ.

ವಿದ್ಯುತ್ತು: ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ. ವಿದ್ಯುತ್ತು ಹೋದಾಗ ನಡೆಯುವ ಬ್ಯಾಟರಿ ಗಾಳಿಯಂತ್ರವನ್ನು ಮೀನು ತರುವ ಮೊದಲೇ ಕೊಂಡಿಟ್ಟುಕೊಳ್ಳಬೇಕು.

ಕಾನೂನು ಮತ್ತು ಕರ್ತವ್ಯ

ಹವಳ ಮತ್ತು ಸಮುದ್ರಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ ಬೇರೆಲ್ಲಿಂದಾಗಲಿ ಹವಳದ ತುಂಡನ್ನು ತರುವುದು ಅಪರಾಧ. ಮೀನು ಅಡಗಲು ಮಡಕೆಯ ಚೂರು, ಸುಟ್ಟ ಮಣ್ಣಿನ ಕೊಳವೆ ಸಾಕು. ಬೇಡವಾದ ಮೀನನ್ನು ಕಡಲಿಗೆ ಬಿಡಬಾರದು, ರೋಗ ಹರಡಬಹುದು.

ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳ ಮರಿ ಉತ್ಪಾದನೆಯ ವಿಧಾನವನ್ನು ರೂಪಿಸಿದೆ. ಸಾಧ್ಯವಾದಷ್ಟೂ ಮರಿಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಬೇಕು. ಅವು ತೊಟ್ಟಿಗೂ ಕೊಡುವ ಆಹಾರಕ್ಕೂ ಒಗ್ಗಿರುತ್ತವೆ, ದಿಬ್ಬದ ಮೀನೂ ಉಳಿಯುತ್ತದೆ. ಚೆನ್ನಾಗಿ ಸಾಕಿದ ಕ್ಲೌನ್ ಜೋಡಿ ಮಡಕೆಯ ಚೂರಿನ ಮೇಲೆ ಮೊಟ್ಟೆಯಿಟ್ಟು, ಗಂಡು ಅದನ್ನು ಕಾಯುವುದನ್ನು ಮನೆಯಲ್ಲಿಯೇ ನೋಡಬಹುದು. ಆರರಿಂದ ಎಂಟು ದಿನಗಳಲ್ಲಿ, ಕತ್ತಲಾದ ಮೇಲೆ ಮರಿ ಹೊರಬರುತ್ತದೆ.

ವಾರಕ್ಕೆ ಒಂದು ಹೊತ್ತು ಬಿಡುವು ಮಾಡಿಕೊಳ್ಳಲಾಗದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಲೇಸು. ಆಸಕ್ತರು ಹೆಚ್ಚಿನ ತಿಳಿವಳಿಕೆಗಾಗಿ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನು ಅಥವಾ ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.